ಹೆಸರು ಬದಲಾಯಿಸಲಾಗಿದೆ

ನಾನು ಎಂ.ಎ. ಓದಿದ ವಿಷಯದ ಹೆಸರನ್ನು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಪೂರ್ತಿಯಾಗಿ ಹೇಳಿದವರು ಇನ್ನೂ ಹುಟ್ಟಿಲ್ಲ. ಮಾನವ ಹಕ್ಕುಗಳು ಮತ್ತು ಮಾನವೀಯ ನೀತಿ. ಸೀಟು ಸಿಕ್ಕಿದ ದಿನ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ ಅಪ್ಪ, "ಅಂದ್ರೆ ವಕೀಲಿಕೆಯಾ?" ಎಂದು ಕೇಳಿದರು. ಅಲ್ಲ ಎಂದೆ. "ಪೊಲೀಸಾ?" ಅದೂ ಅಲ್ಲ ಎಂದೆ. "ಮತ್ತೆ ಅದ್ನ ಓದಿ ಏನ್ಮಾಡ್ತಾರವ್ವ?" ಬೆಂಗಳೂರಿನ ಆ ವಿಶ್ವವಿದ್ಯಾಲಯದ ಬಣ್ಣದ ಕೈಪಿಡಿಯಲ್ಲಿ ಇದ್ದುದನ್ನೇ ಒಪ್ಪಿಸಿದೆ: "ಕಷ್ಟದಲ್ಲಿರೋರಿಗೆ ದನಿಯಾಗ್ತಾರೆ." ಅಪ್ಪ ಮತ್ತೆ ನೇಯತೊಡಗಿದರು. ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ ಎಂದು ಆಗ ನಾನು ಅಂದುಕೊಂಡಿದ್ದೆ.

ಅಲ್ಲಿ ನಮಗೆ ಮೊದಲು ಕಲಿಸಿದ್ದು ಕೂರುವುದನ್ನು. ಬೆಂಚಿನ ಮೇಲೆ ಕೂತರೆ ಮೇಲು ಕೀಳು ಹುಟ್ಟುತ್ತದಂತೆ, ಆದ್ದರಿಂದ ಎಲ್ಲರೂ ನೆಲದ ಮೇಲೆ ದುಂಡಗೆ ಕೂರಬೇಕು. ಮೇಡಂ ಮಾತ್ರ ಕುರ್ಚಿಯಲ್ಲಿ, ಅವರಿಗೆ ಸೊಂಟನೋವು. ಹಾಗೆ ಕೂತು ನಾವು ಲೋಕದ ಸಂಕಟಗಳನ್ನೆಲ್ಲ ಬಣ್ಣಬಣ್ಣದ ಅಂಟುಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆವು. ಹಳದಿ ಚೀಟಿ ಹಸಿವು, ಗುಲಾಬಿ ಚೀಟಿ ಹೆಣ್ಣುಮಕ್ಕಳು, ಹಸಿರು ಚೀಟಿ ನಿರಾಶ್ರಿತರು. ಸಂಜೆ ಕಸ ಗುಡಿಸುವ ಹೆಂಗಸು ಬಂದು ಎಲ್ಲವನ್ನೂ ಕಿತ್ತು ಒಂದೇ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ಅವರನ್ನು ದುಂಡಗೆ ಕೂತವರ ನಡುವೆ ಕೂರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಹಪಾಠಿಗಳು ಒಳ್ಳೆಯವರು. ಒಳ್ಳೆಯವರಾಗಿರುವುದೇ ಅವರ ಕಸುಬು. ಕಪ್ಪು ಬೆಳ್ಳಿಯ ದೊಡ್ಡ ಜುಮುಕಿ ಹಾಕಿಕೊಳ್ಳುತ್ತಿದ್ದ ಒಬ್ಬಳಿದ್ದಳು. ನಾನು ಉಟ್ಟಿದ್ದ ಸೀರೆಯ ಅಂಚನ್ನು ಮುಟ್ಟಿ ನೋಡಿ, ಇದನ್ನು ನೇದವರಿಗೆ ನ್ಯಾಯವಾದ ಕೂಲಿ ಸಿಕ್ಕಿದೆಯಾ ಎಂದು ಕೇಳಿದಳು. ನಮ್ಮಪ್ಪನೇ ನೇದಿದ್ದು, ನಾನು ಏನೂ ಕೊಟ್ಟಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ಆ ದಿನದಿಂದ ನಮ್ಮ ತರಗತಿಯಲ್ಲಿ ನಾನು 'ನೇಕಾರ ಸಮುದಾಯದ ದನಿ'. ನೇಕಾರರ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ನನ್ನ ಕಡೆ ತಿರುಗಿ, ಸಾವಿನ ಮನೆಯಲ್ಲಿ ನೋಡುವ ಹಾಗೆ ನೋಡುತ್ತಿದ್ದರು.

ಕಲಿಯಬೇಕಾದ ಪದಗಳು ಬಹಳ ಇದ್ದವು. ಬಡವರು ಎನ್ನಬಾರದು, ವಂಚಿತ ಸಮುದಾಯ ಎನ್ನಬೇಕು. ಪಾಪದವರು ಎನ್ನಲೇಬಾರದು. ಎಲ್ಲಕ್ಕಿಂತ ದೊಡ್ಡ ಪದ ಏಜೆನ್ಸಿ. ಅಂದರೆ ಒಬ್ಬ ಮನುಷ್ಯ ತನ್ನ ಬದುಕನ್ನು ತಾನೇ ತೀರ್ಮಾನಿಸುವ ಶಕ್ತಿ. ಈ ಪದವನ್ನು ಹೇಳುವಾಗ ಮೇಡಂ ಕಣ್ಣು ಅರೆ ಮುಚ್ಚುತ್ತಿದ್ದರು. ಯಾರ ಕಥೆಯನ್ನು ಬರೆದರೂ ಅವರ ಏಜೆನ್ಸಿ ಕಾಣಬೇಕು, ಅದು ಕಾಣದಿದ್ದರೆ ನೀವು ಆ ಮನುಷ್ಯನಿಗೆ ಮತ್ತೊಮ್ಮೆ ಹಿಂಸೆ ಮಾಡಿದಂತೆ ಎನ್ನುತ್ತಿದ್ದರು. ನಾವೆಲ್ಲ ಬರೆದುಕೊಳ್ಳುತ್ತಿದ್ದೆವು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಬ್ಬ ಹೆಂಗಸಿನ ತವರುಮನೆಯ ವಿಚಾರ ಹೇಳಲು. ಆ ತವರುಮನೆಯನ್ನು ಈ ಒಳ್ಳೆಯವರೆಲ್ಲ ಸೇರಿ ಹೇಗೆ ಕಿತ್ತುಕೊಂಡರು ಎಂಬುದನ್ನು ಹೇಳಬೇಕು.

ನಮ್ಮ ಮನೆಯಲ್ಲಿ ಅವರನ್ನು ಕುಚ್ಚಿನಕ್ಕ ಎನ್ನುತ್ತಿದ್ದೆವು. ನಮ್ಮ ಮಗ್ಗದಿಂದ ಇಳಿದ ಸೀರೆಗಳ ಸೆರಗಿಗೆ ಕುಚ್ಚು ಕಟ್ಟಿಕೊಡುವುದು ಅವರ ಕೆಲಸ. ರಾಮಾಪುರದ ಆಚೆ, ಕಾಡಿನ ಅಂಚಿನಲ್ಲಿ, ಮಳೆ ಬಂದರೆ ರಾಗಿ ಬೆಳೆಯುವ ಒಂದು ಊರು ಅವರದು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಮಗಳು ಒಬ್ಬಳೇ. ಗಂಟು ಕಟ್ಟಿದ ಸೀರೆಗಳನ್ನು ಹೊತ್ತು ಕೊಳ್ಳೇಗಾಲಕ್ಕೆ ಬಂದು, ನಮ್ಮ ಜಗಲಿಯಲ್ಲಿ ಒಂದೊಂದೇ ಸೆರಗು ಬಿಡಿಸಿ ಅಮ್ಮನಿಗೆ ತೋರಿಸಿ, ಕಾಫಿ ಲೋಟ ಕೈಗೆ ಬಂದ ಮೇಲೆ ಬಂಡಳ್ಳಿಯ ಸುದ್ದಿ ಶುರು ಮಾಡುತ್ತಿದ್ದರು. ಬಂಡಳ್ಳಿ ಅವರ ತವರು. ಅಲ್ಲಿ ಅವರ ಅವ್ವ ಮತ್ತು ತಮ್ಮ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರೇ ಇವರು. ಜ್ವರ ಬಂದರೆ ಬಂಡಳ್ಳಿ, ಗಂಡನ ಮೇಲೆ ಮುನಿಸು ಬಂದರೆ ಬಂಡಳ್ಳಿ, ಮುನಿಸು ಇಳಿದ ಮೇಲೂ ಒಂದೆರಡು ದಿನ ಬಂಡಳ್ಳಿ. "ನಮ್ಮವ್ವನ ಮನ ಒಂದಿದ್ರೆ ನಂಗ ಆಸ್ತಿ ಯಾಕವ್ವ," ಎನ್ನುತ್ತಿದ್ದರು. ಅಮ್ಮನೂ ಹೂಂಗುಟ್ಟುತ್ತಿದ್ದರು.

ಎರಡನೆಯ ವರ್ಷ ಕ್ಷೇತ್ರಕಾರ್ಯ ಬಂತು. ವಿಷಯ ಬಾಲ್ಯವಿವಾಹ. ಮೇಡಂ ಕರ್ನಾಟಕದ ನಕ್ಷೆಯ ಕೆಳತುದಿಗೆ ಬೆರಳಿಟ್ಟರು. ಬೆರಳು ಹನೂರಿನ ಮೇಲೆ ಬಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನಿದ್ದ ಮೇಲೆ ದುಭಾಷಿಯ ಖರ್ಚಿಲ್ಲ. ಹೀಗೆ ನಮ್ಮ ಇಡೀ ತಂಡ ಕೊಳ್ಳೇಗಾಲದ ಲಾಡ್ಜಿನಲ್ಲಿ ಬಿಡಾರ ಹೂಡಿ, ಬೆಳಗಾದರೆ ವ್ಯಾನು ಹತ್ತಿ ರಾಮಾಪುರದ ದಿಕ್ಕಿಗೆ ಹೊರಡತೊಡಗಿತು.

ಮೊದಲ ದಿನ ರಂಗೋಲಿ. ಊರ ಹೆಂಗಸರನ್ನು ಸೇರಿಸಿ, ಅವರ ಕೈಗೆ ರಂಗೋಲಿ ಪುಡಿ ಕೊಟ್ಟು, ಅವರ ಊರಿನ ನಕ್ಷೆಯನ್ನು ಅವರಿಂದಲೇ ಬಿಡಿಸಿಕೊಳ್ಳಬೇಕಂತೆ. ಇದಕ್ಕೆ ಸಹಭಾಗಿತ್ವ ಎಂದು ಹೆಸರು. ಸುಡುಬಿಸಿಲಿನಲ್ಲಿ, ದೇವಸ್ಥಾನದ ಮುಂದೆ. ಒಬ್ಬ ಮುದುಕಿ ಬಂದು, "ಮದ್ವೆ ಯಾರ್ದವ್ವ? ಇಷ್ಟೊತ್ನಲ್ಲಿ ರಂಗೋಲಿ ಇಕ್ತಾವ್ರೆ?" ಎಂದು ಕೇಳಿದಳು. ಅಷ್ಟು ಹೊತ್ತಿಗೆ ಊರಿನ ಯಜಮಾನರು ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತಿದ್ದರು. ಹೆಂಗಸರು ಅವರ ಮುಖ ನೋಡಿ ಅವರ ಮನೆಯನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಬಿಡಿಸಿದರು. ತಮ್ಮ ತಮ್ಮ ಮನೆಗಳಿಗೆ ಪುಡಿ ಸಾಲಲಿಲ್ಲ. ನಮ್ಮವರು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಫೋಟೋ ತೆಗೆದರು. ಎಳನೀರು ಯಜಮಾನರ ಲೆಕ್ಕದಲ್ಲಿ ಬಂತು.

ಎರಡನೆಯ ದಿನ ಮನೆಮನೆ ಮಾತುಕತೆ. ಜುಮುಕಿಯವಳ ಜೊತೆಗೆ ನನ್ನನ್ನು ಹಾಕಿದ್ದರು. ಬಸ್‌ಸ್ಟಾಪಿನ ಹತ್ತಿರದ ಮೊದಲ ಮನೆಯೇ ಕುಚ್ಚಿನಕ್ಕನದು. ಬಾಗಿಲಲ್ಲಿ ಕೂತು, ಸೆರಗನ್ನು ತೊಡೆಯ ಮೇಲೆ ಹಾಸಿಕೊಂಡು, ಎಳೆ ಎಳೆ ಹಿಡಿದು ಗಂಟು ಹಾಕುತ್ತಿದ್ದರು. ನನ್ನನ್ನು ಕಂಡವರೇ, "ಅಯ್ಯೋ ಮಗ, ನೀನಾ!" ಎಂದು ಎದ್ದು ಚಾಪೆ ಹಾಸಿದರು. ಜುಮುಕಿಯವಳು ಚಾಪೆಯ ಮೇಲೆ ಕೂತು, ತರಗತಿಯಲ್ಲಿ ಕಲಿತದ್ದನ್ನು ನಿಧಾನವಾಗಿ ಒಪ್ಪಿಸಿದಳು. ನಾನು ಕನ್ನಡಕ್ಕೆ ತಂದೆ. ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ. ಕಾಗದದ ಮೇಲೆ ಸಹಿ ಕೂಡ ಕೇಳುವುದಿಲ್ಲ, ಬಾಯಲ್ಲಿ ಒಪ್ಪಿಗೆ ಎಂದರೆ ಸಾಕು.

"ಹೆಸ್ರು ಬರದಿಲ್ವಾ? ದಿಟವಾ?" ಎಂದು ನನ್ನನ್ನು ಕೇಳಿದರು.

ಜುಮುಕಿಯವಳು ಎದೆಯ ಮೇಲೆ ಕೈಯಿಟ್ಟುಕೊಂಡು ತಲೆ ಆಡಿಸಿದಳು.

ಕುಚ್ಚಿನಕ್ಕ ಎದ್ದು ಹೋಗಿ ಹಿತ್ತಿಲ ಕಡೆ ಒಮ್ಮೆ ನೋಡಿ, ಬೀದಿಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು ಕೂತರು. ಆಮೇಲೆ ಹೇಳಿದ್ದು ನಾನು ಎಂದೂ ಕೇಳಿರದ ಕಥೆ. ಮಗಳ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಬಂಡಳ್ಳಿಯಿಂದ ಅವ್ವ ಮತ್ತು ತಮ್ಮ ಹೆಣ್ಣು ಕೇಳಲು ಬಂದರಂತೆ. ಸೋದರಮಾವನಿಗೆ ಅಕ್ಕನ ಮಗಳು, ನಮ್ಮ ಕಡೆ ಅದರಲ್ಲಿ ಹುಬ್ಬೇರಿಸುವಂಥದ್ದು ಏನಿಲ್ಲ. ಸಂಬಂಧ ಉಳಿಯುತ್ತದೆ ಎಂದು ಮಾಡುತ್ತಾರೆ.

"ನನ್ ತಮ್ಮ ಚಿನ್ನದಂತೋನು ಕಣವ್ವ. ಅವ್ನ ಮ್ಯಾಲ ಒಂದ್ ಮಾತಿಲ್ಲ. ಆದ್ರೆ ನನ್ ಮಗ್ಳು ಇನ್ನೂ ಕೂಸು. ನಾನೂ ಓದ್ತೀನಿ ಕಣವ್ವ ಅಂತ ಅಳ್ತಾಳೆ. ನಮ್ಮವ್ವನ್ಗ ಎಂಗ್ ಇಲ್ಲ ಅನ್ಲಿ? ತವ್ರೋರು ಬಾಯ್ಬಿಟ್ಟು ಕೇಳ್ದಾಗ ಇಲ್ಲ ಅಂದ್ರೆ ಮುಗೀತು, ಆ ಬಾಗ್ಲ ಕಡ ತಿರುಗ್ನೋಡಂಗಿಲ್ಲ."

ಆದ್ದರಿಂದ ಅವರು ಹೂಂ ಎಂದರು. ಚಪ್ಪರ ಹಾಕಿಸಿದರು. ಕಜ್ಜಾಯ ಕರಿದರು. ಮದುವೆಯ ಹಿಂದಿನ ದಿನ ಗಂಡನ ಫೋನು ತೆಗೆದುಕೊಂಡು, ಊರಲ್ಲಿ ಸಿಗ್ನಲ್ ಸಿಗುವ ಹುಣಸೇಮರದ ಹತ್ತಿರ ಹೋಗಿ, ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಮಗಳ ಶಾಲೆಯ ಗೋಡೆಯ ಮೇಲೆ ನಂಬರು ಬರೆದಿದ್ದರಂತೆ. ಬೆಳಿಗ್ಗೆ ಜೀಪು ಬಂತು. ಮದುವೆ ನಿಂತಿತು.

"ಎಲ್ಲಾರ್ಗಿಂತ ಜೋರಾಗಿ ನಾನೇ ಎದ ಬಡ್ಕಂಡು ಅತ್ತೆ. ನಮ್ಮವ್ವನೇ ನನ್ನ ತಬ್ಕಂಡು ಸಮಾಧಾನ ಮಾಡ್ತು. ಯಾರ್ಲಾ ಫೋನ್ ಮಾಡ್ದೋರು ಅಂತ ಊರೆಲ್ಲಾ ಉಡುಕುದ್ರು. ವರ್ಗವಾಗಿ ಓಗಿದ್ರಲ್ಲ, ಆ ಮೇಷ್ಟ್ರೇ ಅಂದ್ಬುಟ್ರು. ನಾನೂ ಅಂದೆ, ಅವ್ರೇ ಇರ್ಬೇಕು ಅಂತ." ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಮಗ್ಳೂ ಉಳ್ಕಂಡ್ಳು, ತವ್ರೂ ಉಳ್ಕತು."

ನನಗೆ ಅವರನ್ನು ಎತ್ತಿ ಕುಣಿಸಬೇಕು ಅನಿಸಿತು. ನಾವು ಎರಡು ವರ್ಷ ಚೀಟಿ ಅಂಟಿಸಿದರೂ ಮಾಡಲಾಗದ್ದನ್ನು ಈ ಅಕ್ಕ ಹುಣಸೇಮರದ ಕೆಳಗೆ ನಿಂತು ಮಾಡಿ, ಆಮೇಲೆ ಕಜ್ಜಾಯದ ಬಾಣಲೆ ತೊಳೆದಿಟ್ಟಿದ್ದರು. ಕನ್ನಡದಿಂದ ಇಂಗ್ಲಿಷಿಗೆ ತಂದೆ. ಜುಮುಕಿಯವಳ ಕಣ್ಣು ತುಂಬಿ ಬಂದವು. "ಏಜೆನ್ಸಿ," ಎಂದು ಪಿಸುಗುಟ್ಟಿದಳು. ಕುಚ್ಚಿನಕ್ಕ ಅವಳಿಗೆ ಕುಡಿಯಲು ನೀರು ತಂದುಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಒಂದು ವರದಿ ಬರೆದು, ಅದನ್ನು ಯಾರೂ ಓದದ ಕಪಾಟಿಗೆ ಸೇರಿಸಿ, ನಾವೆಲ್ಲ ಪದವಿ ತೆಗೆದುಕೊಂಡು ಹೋಗಿಬಿಡಬಹುದಿತ್ತು. ಆದರೆ ನಮ್ಮ ಕೋರ್ಸಿನಲ್ಲಿ ಇನ್ನೊಂದು ವಿಧಿ ಇತ್ತು. ಜನರಿಂದ ಪಡೆದದ್ದನ್ನು ಜನರಿಗೆ ಹಿಂತಿರುಗಿಸಬೇಕು. ಪಡೆದದ್ದು ಅವರ ಗುಟ್ಟು, ಹಿಂತಿರುಗಿಸುವುದು ಊರ ಮುಂದೆ. ವರದಿಯನ್ನು ಹಳ್ಳಿಯವರು ಓದುವುದಿಲ್ಲ, ಹಾಗಾಗಿ ಬೀದಿ ನಾಟಕ ಮಾಡೋಣ ಎಂದು ಮೇಡಂ ತೀರ್ಮಾನಿಸಿದರು. ಜನರದೇ ಕಥೆ, ಜನರದೇ ಕಲೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾತು ಬರೆಯಲು ಯಳಂದೂರಿನಿಂದ ಒಬ್ಬರನ್ನು ಕರೆಸಿದರು. ಹವ್ಯಾಸಿ ನಾಟಕಗಳನ್ನು ಆಡಿಸುತ್ತಿದ್ದ ಕನ್ನಡ ಮೇಷ್ಟ್ರು, ಜುಬ್ಬಾ, ಹೆಗಲಿಗೆ ಚೀಲ. ಬೆಂಗಳೂರಿನವರಿಗೆ ತಿಳಿಯದಿದ್ದರೆ ಪಾಪ ಹೋಗಲಿ, ಇವರು ಇಲ್ಲಿಯವರೇ. ಊರೊಳಗಿನ ಮಾತು ಹೇಗೆ ಓಡಾಡುತ್ತದೆ ಎಂದು ಬಲ್ಲವರು. ಆದರೆ ಅವರಿಗೆ ಬೇಕಾಗಿದ್ದದ್ದು ಚಪ್ಪಾಳೆ. ನಮ್ಮ ಟಿಪ್ಪಣಿಗಳನ್ನೆಲ್ಲ ತಿರುವಿ ಹಾಕಿ, ಕುಚ್ಚಿನಕ್ಕನ ಕಥೆಯ ಮೇಲೆ ಕೈಯಿಟ್ಟು, "ಇದ್ರಲ್ಲಿ ನಾಟ್ಕ ಅದೆ," ಎಂದರು.

ಕೊಳ್ಳೇಗಾಲದ ಒಂದು ಛತ್ರದಲ್ಲಿ ತಾಲೀಮು ನಡೆಯಿತು. ಹೋಗಿ ನೋಡಿದರೆ ಜುಮುಕಿಯವಳು ತೊಡೆಯ ಮೇಲೆ ಸೀರೆ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಾಳೆ. ಇನ್ನೊಬ್ಬ ಸಹಪಾಠಿ ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು ಪೋಂ ಪೋಂ ಎಂದು ಗೂಡ್ಸ್ ಆಟೋ ಓಡಿಸುತ್ತಿದ್ದಾನೆ.

"ಮೇಡಂ, ಇದು ಅವರೇ ಅಂತ ಊರಿಗೆಲ್ಲ ಗೊತ್ತಾಗುತ್ತೆ," ಎಂದೆ.

"ಹೆಸರು ಬದಲಾಯಿಸಿದ್ದೇವೆ," ಎಂದರು ಮೇಡಂ. "ಊರಿನ ಹೆಸರನ್ನೂ ಬದಲಾಯಿಸಿದ್ದೇವೆ. ಎಥಿಕ್ಸ್ ಕಮಿಟಿ ಒಪ್ಪಿದೆ."

"ಕಮಿಟಿಯವರು ಯಾರಾದ್ರೂ ರಾಮಾಪುರದ ಬಸ್ಸು ಹತ್ತಿದ್ದಾರಾ ಮೇಡಂ? ಆ ಊರಲ್ಲಿ ಗೂಡ್ಸ್ ಆಟೋ ಇರೋದೇ ಒಂದು. ಕುಚ್ಚು ಕಟ್ಟೋರು ಅವರೊಬ್ಬರೇ."

"ವಿವರಗಳನ್ನ ತೆಗೆದರೆ ಕಥೆಯ ಸತ್ವ ಹೋಗುತ್ತೆ," ಎಂದರು. ಯಳಂದೂರಿನವರು, "ನೈಜತೆ ಬೇಕು ಕಣಮ್ಮ," ಎಂದು ಸೇರಿಸಿದರು.

ನಾನು ಜಗಳ ಆಡಿದೆ. ದನಿ ಏರಿಸಿದೆ. ಮೇಡಂ ಎದುರು ಯಾರೂ ಹಾಗೆ ಮಾತಾಡಿರಲಿಲ್ಲ. ಇಡೀ ತಂಡ ನನ್ನನ್ನು ಅದೇ ಸಾವಿನ ಮನೆಯ ಕಣ್ಣಿನಿಂದ ನೋಡಿತು. ಕಡೆಗೆ ಒಂದು ರಾಜಿಯಾಯಿತು. ಕುಚ್ಚು ಇರಲಿ, ಆಟೋ ಇರಲಿ. ಆದರೆ ಫೋನು ಮಾಡುವುದು ತಾಯಿಯಲ್ಲ, ದಾರಿಯಲ್ಲಿ ಹೋಗುವ ಯಾರೋ ಒಬ್ಬರು. ನನ್ನ ಕಣ್ಣೆದುರಿಗೇ ಜುಮುಕಿಯವಳು ಆ ದೃಶ್ಯವನ್ನು ಹಾಗೆ ಆಡಿ ತೋರಿಸಿದಳು. ಫೋನಿನ ಗುಟ್ಟೊಂದು ಉಳಿದರೆ ಸಾಕು, ಉಳಿದದ್ದನ್ನು ಊರವರು ನಕ್ಕು ಮರೆಯುತ್ತಾರೆ ಎಂದು ನಂಬಿ ಮನೆಗೆ ಬಂದೆ.

ನಾಟಕದ ದಿನ ಭಾನುವಾರ. ದೇವಸ್ಥಾನದ ಮುಂದೆ ಶಾಮಿಯಾನ, ನೆಲಕ್ಕೆ ಜಮಖಾನ. ಮುಂದಿನ ಸಾಲಿನಲ್ಲಿ ಕುಚ್ಚಿನಕ್ಕ, ತಲೆ ತುಂಬ ಕನಕಾಂಬರ. ಒಂದು ಪಕ್ಕದಲ್ಲಿ ಮಗಳು, ಇನ್ನೊಂದು ಪಕ್ಕದಲ್ಲಿ ಅವರ ಅವ್ವ, ಅವರ ಹಿಂದೆ ತಮ್ಮ. "ಬೆಂಗ್ಳೂರೋರು ನಮ್ಮೂರ್ಗ ಬಂದು ನಾಟ್ಕ ಆಡ್ತಾರ, ಬನ್ನಿ ಅಂತ ನಾನೇ ಕರುಸ್ದೆ," ಎಂದು ನನಗೆ ಹೆಮ್ಮೆಯಿಂದ ಹೇಳಿದರು. ಅವ್ವನ ಮಡಿಲಲ್ಲಿ ಮಗಳಿಗೆಂದು ಬಿಡಿಸಿ ತಂದ ಅವರೆಕಾಯಿಯ ಚೀಲ ಇತ್ತು.

ಜುಮುಕಿಯವಳು ಬಂದು ಸೀರೆ ಹಾಸಿಕೊಂಡು ಕೂತಳು. ಸ್ಟೇರಿಂಗ್ ತಟ್ಟೆ ಹಿಡಿದವನು ಪೋಂ ಪೋಂ ಎನ್ನುತ್ತ ಒಳಬಂದ. ಜನ ಗೊಳ್ಳೆಂದು ನಕ್ಕರು. "ಲೇ, ನಮ್ ಗೂಡ್ಸ್ ಆಟೋ ಕಣ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಲ್ಲೇ ನಿಂತಿದ್ದ ಗಂಡನ ಬೆನ್ನಿಗೆ ಗೆಳೆಯರು ಗುದ್ದಿದರು, ಅವನು ನಾಚಿ ಹಲ್ಲು ಬಿಟ್ಟ. ಕುಚ್ಚಿನಕ್ಕನಿಗೂ ನಗು. ಬೊಚ್ಚುಬಾಯಿಯ ಅವ್ವ ಮಗಳ ತೊಡೆ ತಟ್ಟಿ ತಟ್ಟಿ ನಕ್ಕಿತು. ಮೇಡಂ ಮುಖ ಅರಳಿತು. "ಹೇಗೆ ಕನೆಕ್ಟ್ ಆಗ್ತಿದ್ದಾರೆ ನೋಡಿ," ಎಂದರು.

ಆಮೇಲೆ ನಾಟಕದೊಳಗೆ ತವರಿನ ಅಜ್ಜಿ ಬಂತು, ಹೆಣ್ಣು ಕೇಳುವ ಮಾವ ಬಂದ. ನಗು ತೆಳುವಾಯಿತು. ಕುಚ್ಚಿನಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು, ನನ್ನ ಕಡೆ ನೋಡಿದರು. ಏನಿಲ್ಲ ಎನ್ನುವಂತೆ ನಾನು ಕೈಯಾಡಿಸಿದೆ. ಅಷ್ಟರಲ್ಲಿ ಜುಮುಕಿಯವಳು ಸೊಂಟದಿಂದ ಫೋನು ತೆಗೆದಳು. ತಾಲೀಮಿನಲ್ಲಿ ಇಲ್ಲದ್ದು. ಹೆಜ್ಜೆ ಹಾಕುತ್ತ ಹುಣಸೇಮರದ ಕಡೆಗೇ ಹೊರಟಳು. ನಾನು ಓಡಿಹೋಗಿ ಮೈಕಿನ ವೈರು ಕಿತ್ತೆ. ಅವಳ ಗಂಟಲಿಗೆ ಮೈಕು ಬೇಕಾಗಿರಲಿಲ್ಲ. ಯಳಂದೂರಿನವರು ಕಲಿಸಿದ ನಮ್ಮ ಕಡೆಯ ಕನ್ನಡದಲ್ಲಿ, ಮರದ ಕೆಳಗೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: "ನನ್ ಮಗ್ಳ ಮದ್ವ ನಿಲ್ಸಿ ಸಾ! ನಾನು ಆ ಕೂಸ್ನ ಅವ್ವ ಮಾತಾಡ್ತಾ ಇವ್ನಿ!"

ತಮ್ಮ ಎದ್ದು ನಿಂತ.

"ಅಕ್ಕಾ, ನೀನಾ?"

ಅವರು ಸುಳ್ಳು ಹೇಳಬಹುದಿತ್ತು. ಅಷ್ಟು ಚೆನ್ನಾಗಿ ಸುಳ್ಳು ನಿಭಾಯಿಸಿದವರು ಆ ಹೊತ್ತಿಗೆ ಒಂದು ಮಾತೂ ಆಡಲಾಗದೆ ಮಗಳ ಕೈ ಹಿಡಿದುಕೊಂಡು ಕೂತರು. ಅವ್ವ ನೆಲಕ್ಕೆ ಕೈಯೂರಿ ಎದ್ದಿತು. ಅವರೆಕಾಯಿಯ ಚೀಲ ಜಮಖಾನದ ಮೇಲೇ ಉಳಿಯಿತು.

"ಒಲ್ಲೆ ಕಣವ್ವ ಅಂತ ನನ್ ಮೊಕ ನೋಡಿ ಅಂದಿದ್ರೆ ಎಲ್ಡ್ ದಿನ ಬಯ್ಕಂಡು ಸುಮ್ಕಾಗ್ತಿದ್ದೆ," ಎಂದಿತು. "ಚಪ್ರ ಆಕ್ಸಿ, ಊರ್ನೆಲ್ಲಾ ಕರ್ಸಿ, ನಮ್ಮನ್ನ ಜೀಪ್ನೋರ ಮುಂದ ನಿಲ್ಸ್‌ದ್ಯಲ್ಲ. ಆಮೇಕ ನನ್ ಕೈಲೇ ಕಣ್ಣೀರ್ ಒರುಸ್ಕಂಡ್ಯಲ್ಲ. ಇನ್ನ ಬಂಡಳ್ಳಿಗ ಬರ್ಬ್ಯಾಡ."

ಮಗನ ತೋಳು ಹಿಡಿದುಕೊಂಡು ಬಸ್‌ಸ್ಟಾಪಿನ ಕಡೆಗೆ ಹೊರಟಿತು. ಕುಚ್ಚಿನಕ್ಕ ಹಿಂದೆ ಓಡಿದರು. ಅವರು ಹೋದ ದಿಕ್ಕಿಗೆ ಊರು ಕತ್ತು ತಿರುಗಿಸಿ ನೋಡುತ್ತಿತ್ತು. ಅವ್ವನ ಮಾತು ಅರ್ಥವಾಗದ ನಮ್ಮ ತಂಡದವರು, ನಾಟಕ ಜನರ ಎದೆ ಮುಟ್ಟಿತು ಎಂದು ತಿಳಿದು ಚಪ್ಪಾಳೆ ತಟ್ಟಿದರು. ಯಳಂದೂರಿನವರಿಗೆ ಎಲ್ಲ ಅರ್ಥವಾಗಿತ್ತು. ಅವರೂ ತಟ್ಟಿದರು.

ವ್ಯಾನಿನಲ್ಲಿ ಅವ್ವ ಹೇಳಿದ್ದನ್ನು ಎಲ್ಲರಿಗೂ ಇಂಗ್ಲಿಷಿಗೆ ತಂದು ಹೇಳಿ, ನಾನು ಜುಮುಕಿಯವಳನ್ನು ಕೇಳಿದೆ, ಯಾಕೆ ಹಾಗೆ ಮಾಡಿದೆ ಎಂದು. ಅವಳು ಅಳುತ್ತಿದ್ದಳು. "ಫೋನು ಬೇರೆಯವರು ಮಾಡಿದರೆ ಆ ತಾಯಿ ಬರೀ ಅಸಹಾಯಕಳಾಗಿಬಿಡುತ್ತಾಳೆ. ಅವಳ ಏಜೆನ್ಸಿಯನ್ನ ಅಳಿಸೋಕೆ ನನಗೆ ಮನಸ್ಸಾಗಲಿಲ್ಲ. ಆ ಕ್ಷಣ ನಾನು ಅವಳೇ ಆಗಿಬಿಟ್ಟೆ," ಎಂದಳು. ಅವಳೇ ಆಗಿಬಿಟ್ಟವಳು ಅವಳ ಜೊತೆ ಬಸ್‌ಸ್ಟಾಪಿನವರೆಗೆ ಓಡಬಹುದಿತ್ತು. ಮೇಡಂ ಅವಳ ಹೆಗಲು ತಟ್ಟಿದರು. ಆ ಹೆಂಗಸಿಗೆ ಆಪ್ತಸಮಾಲೋಚನೆ ಕೊಡಿಸೋಣ, ಫೋನಿನಲ್ಲೇ ಆಗುತ್ತದೆ ಎಂದರು. ಸಿಗ್ನಲ್ ಬೇಕಾದರೆ ಅವರು ಮತ್ತೆ ಅದೇ ಮರದ ಕೆಳಗೆ ನಿಲ್ಲಬೇಕು ಎಂದೆ.

ನಮ್ಮ ತಂಡದ ವರದಿಗೆ ಆ ವರ್ಷದ ಒಳ್ಳೆಯ ಕ್ಷೇತ್ರಕಾರ್ಯವೆಂಬ ಬಹುಮಾನ ಬಂತು. ಕುಚ್ಚಿನಕ್ಕನ ಕಥೆಯ ಪುಟದಲ್ಲಿ ಗಂಡನ ಆಟೋ ಇದೆ, ಸೆರಗಿನ ಗಂಟುಗಳಿವೆ, ಮರವೂ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಹೆಸರು ಬದಲಾಯಿಸಲಾಗಿದೆ' ಎಂದಿದೆ. 'ಯಾರಿಗೂ ಹಾನಿ ಮಾಡಬೇಡ ಎಂಬ ಮಾನವೀಯ ನೀತಿಯ ತತ್ವವನ್ನು ಉದಾಹರಣೆಯೊಂದಿಗೆ ವಿವರಿಸಿ' ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಎಲ್ಲರೂ ದೂರದೂರದ ಯುದ್ಧಗಳ ಉದಾಹರಣೆ ಕೊಟ್ಟರು. ನಾನು ನಮ್ಮ ನಾಟಕದ ಉದಾಹರಣೆ ಕೊಟ್ಟೆ. ಭಾವಾವೇಶ ಕಡಿಮೆಯಿರಲಿ ಎಂದು ಉತ್ತರ ತಿದ್ದಿದವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರು. ಜುಮುಕಿಯವಳು ಈಗ ಹೊರದೇಶದ ಯಾವುದೋ ನಿರಾಶ್ರಿತರ ಶಿಬಿರದಲ್ಲಿದ್ದಾಳೆ. ಅಲ್ಲಿಯವರನ್ನು ದೇವರೇ ಕಾಪಾಡಬೇಕು. ನಾನು ಯಳಂದೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

ಕುಚ್ಚಿನಕ್ಕ ಕೊಳ್ಳೇಗಾಲಕ್ಕೆ ಬರುವುದನ್ನೇ ಬಿಟ್ಟರು. ಗೌರಿ ಹಬ್ಬ ಕಳೆದ ಮೇಲೆ, ಅಮ್ಮ ಕೊಟ್ಟ ಸೀರೆಗಳನ್ನು ತೆಗೆದುಕೊಂಡು ನಾನೇ ಅವರ ಊರಿಗೆ ಹೋದೆ. ಬಾಗಿಲಲ್ಲಿ ಕೂತು ಗಂಟು ಹಾಕುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಚಾಪೆ ಹಾಸಿದರು. ಮಗಳು ಬೆಳಗಿನ ಬಸ್ಸಿಗೆ ಹನೂರಿನ ಕಾಲೇಜಿಗೆ ಹೋಗಿದ್ದಳು.

"ಹಬ್ಬಕ್ಕೆ ಬಂಡಳ್ಳಿಯಿಂದ...?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.

"ಯಾರ್ ಬತ್ತಾರೆ?" ಎಂದರು. "ತಮ್ಮ ಬಾಗ್ನ ತತ್ತಾನೇನೋ ಅಂತ ಮಿಂದು ಸೀರ ಉಟ್ಕಂಡು ಬಸ್ ಬರೋ ದಾರಿ ನೋಡ್ತಾ ಕುಂತಿದ್ದೆ. ಬರ್ನಿಲ್ಲ. ಆಮೇಕ ನಾನೇ ಓದೆ. ನಮ್ಮವ್ವ ಬಾಗ್ಲ ತಗೀನಿಲ್ಲ. ಒಳ್ಗ ಕೆಮ್ಮಿದ್ದು ಕೇಳುಸ್ತು."

ನನಗೆ ಅಳು ಬಂತು. ನಮ್ಮ ಮೇಡಂ, ನಮ್ಮ ಕಮಿಟಿ, ನಮ್ಮ ಬಹುಮಾನ ಎಲ್ಲದರ ಮೇಲೂ ಅಸಹ್ಯ ಬಂತು. ಅವರ ಬೆರಳು ಮಾತ್ರ ನಿಲ್ಲಲಿಲ್ಲ. ಎಳೆ ಎತ್ತಿ, ಸುತ್ತಿ, ಗಂಟು ಎಳೆದು, ಮುಂದಿನ ಎಳೆಗೆ ಹೋಗುತ್ತಿದ್ದವು.

"ಫೋನ್ ಮಾಡ್ದೆ ಅಂತ ನಂಗೇನ್ ಬ್ಯಾಸ್ರ ಇಲ್ಲ ಕಣವ್ವ," ಎಂದರು. "ನಾಳಿಕ್ಕೂ ಮಾಡ್ತೀನಿ." ತಲೆ ಎತ್ತದೆ ಕೇಳಿದರು. "ಅಲ್ಲ ಮಗ, ನಾಟ್ಕದಲ್ಲಿ ನಂಗ ಬ್ಯಾರೆ ಹೆಸ್ರು ಇಕ್ಕಿದ್ರಲ್ಲ, ಏನದು?"

ಹೇಳಿದೆ. ಬೆಂಗಳೂರಿನಲ್ಲಿ ಎಲ್ಲರೂ ಕೂತು ಚರ್ಚೆ ಮಾಡಿ ಆರಿಸಿದ ಹೆಸರು. ಅವರು ಅದನ್ನು ಬಾಯೊಳಗೇ ಒಂದು ಸಲ ಹೇಳಿ ನೋಡಿದರು.

"ಚೆಂದಾಗದೆ," ಎಂದರು. "ಸುಮ್ನ ತೊಂದ್ರ ತಕಂಡ್ರಿ. ನನ್ ಹೆಸ್ರನ್ನೇ ಇಕ್ಬೋದಾಗಿತ್ತು. ಅದು ಈ ಊರಲ್ಲಿ ಯಾರ್ಗವ್ವ ಗೊತ್ತು? ಮದ್ವಯಾಗಿ ಬಂದಾಗಿಂದ ಆಟೋದೋನ್ ಎಂಡ್ರು, ಕುಚ್ಚು ಕಟ್ಟೋಳು, ಅಷ್ಟೇಯ." ಹಲ್ಲಿನಿಂದ ಎಳೆ ಕಚ್ಚಿ ತುಂಡರಿಸಿದರು. "ಆ ಹೆಸ್ರಿಡ್ದು ನನ್ನ ಕರಿಯೋಳು ನಮ್ಮವ್ವ ಒಬ್ಳೇ."